ನಾಲ್ಕು ಕವಡೆ, ಇಪ್ಪತ್ತೈದು ಮನೆ

ಬಸವನಗುಡಿಯ ನಮ್ಮ ಮನೆಯ ನಡುಮನೆಗೆ ಇನ್ನೂ ಹಳೆಯ ಕೆಂಪು ನೆಲವೇ ಇದೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಅಡ್ಡ ಐದು, ಉದ್ದ ಐದು ಮನೆ ಬರೆದು ಚೌಕಾಬಾರ ಆಡಿಯೇ ನಮ್ಮ ಬೇಸಿಗೆ ರಜಗಳು ಕಳೆದವು. ಈ ಸಲದ ದಸರಾ ರಜದಲ್ಲಿ ಅದೇ ನೆಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತವಳು ನನ್ನ ತಂಗಿಯ ಮಗಳು. ಮೊದಲ ವರ್ಷದ ಪಿಯುಸಿ ಓದುತ್ತಿದ್ದಾಳೆ. ವಿಡಿಯೊ ಗೇಮ್ ಬರೆಯಲು ಕಲಿಯಬೇಕೆಂಬ ಹಂಬಲ ಅವಳಿಗೆ. ಕಾರು ಓಟದ ಆಟದಿಂದ ಶುರು ಮಾಡಿ ನಾಲ್ಕನೇ ದಿನ ಕೈಚೆಲ್ಲಿದಳು. "ಮಾವ, ತಿರುವಿನಲ್ಲಿ ಕಾರು ಗೋಡೆಯೊಳಗೇ ನುಗ್ಗಿಬಿಡುತ್ತೆ. ಎಲ್ಲಿ ತಪ್ಪಿದೆ ಅಂತಾನೇ ಗೊತ್ತಾಗಲ್ಲ" ಎಂದಳು. ಕಾರು ಬಿಡು, ನಿನ್ನ ಕೈಗೆ ಗೊತ್ತಿರುವ ಆಟ ಬರಿ, ಚೌಕಾಬಾರ ಬರಿ ಎಂದೆ.

ಎರಡು ದಿನದಲ್ಲಿ ಮಣೆ ತೆರೆಯ ಮೇಲೆ ಬಂತು. ಗುಂಡಿ ಒತ್ತಿದರೆ ಕವಡೆ ಬೀಳುತ್ತಿತ್ತು. ಅಜ್ಜಿಯನ್ನು ಕರೆದು ಕೂರಿಸಿದಳು. ಏಳೆಂಟು ಸಲ ಒತ್ತಿದ ನಮ್ಮಮ್ಮ ಕನ್ನಡಕ ಸರಿಮಾಡಿಕೊಂಡು, "ಇದು ಕವಡೆ ಅಲ್ಲ ಕಣೇ. ಬಾರದ ಮೇಲೆ ಬಾರ ಬೀಳ್ತಿದೆ. ಕವಡೆ ಹೀಗೆ ಬೀಳಲ್ಲ" ಎಂದರು.

ಪ್ರೋಗ್ರಾಮಿಂಗ್ ಎಂದರೇನೆಂದು ಅರಿಯದ ಎಪ್ಪತ್ತೆಂಟರ ಹೆಂಗಸು ಅರೆಗಳಿಗೆಯಲ್ಲಿ ಹಿಡಿದ ಈ ತಪ್ಪು, ಆಟ ಬರೆಯಲು ಹೊರಟ ಹೆಚ್ಚಿನ ಹೊಸಬರು ಮಾಡುವಂಥದ್ದೇ. ನಾಲ್ಕು ಕವಡೆ ಎಸೆದಾಗ ಅಂಗಾತ ಬಿದ್ದವನ್ನು ಎಣಿಸುತ್ತೇವೆ. ಒಂದು, ಎರಡು, ಮೂರು. ನಾಲ್ಕೂ ಅಂಗಾತವಾದರೆ ಚೌಕ, ಅಂದರೆ 4. ನಾಲ್ಕೂ ಬೋರಲಾದರೆ ಬಾರ, ಅಂದರೆ 8. ಹುಡುಗಿ ಬರೆದದ್ದು ಹೀಗೆ: 1, 2, 3, 4, 8 ಈ ಐದರಲ್ಲಿ ಯಾವುದಾದರೊಂದನ್ನು ಆರಿಸು. ಕಂಪ್ಯೂಟರ್ ಹೇಳಿದ್ದನ್ನೇ ಮಾಡಿತು. ಐದಕ್ಕೂ ಸಮಪಾಲು ಕೊಟ್ಟಿತು. ಐದು ಎಸೆತಕ್ಕೆ ಒಂದು ಬಾರ.

ಕವಡೆಯ ಲೆಕ್ಕ ಬೇರೆ. ಒಂದೊಂದು ಕವಡೆಯೂ ಎರಡು ರೀತಿ ಬೀಳಬಹುದು, ಆದ್ದರಿಂದ ನಾಲ್ಕು ಕವಡೆ ಒಟ್ಟು 16 ರೀತಿ ಬೀಳಬಹುದು. ಅವುಗಳಲ್ಲಿ ಒಂದೇ ಅಂಗಾತ ಬೀಳುವ ದಾರಿಗಳು 4, ಎರಡು ಬೀಳುವ ದಾರಿಗಳು 6, ಮೂರು ಬೀಳುವ ದಾರಿಗಳು 4. ಚೌಕಕ್ಕೆ ಇರುವುದು ಒಂದೇ ದಾರಿ, ಬಾರಕ್ಕೂ ಒಂದೇ. ಕವಡೆ ಎರಡೂ ಬದಿಗೆ ಸಮನಾಗಿ ಬೀಳುತ್ತದೆಂದು ಹಿಡಿದರೆ 16 ಎಸೆತಕ್ಕೆ ಒಂದು ಬಾರ. ಇದರ ಮೇಲೆ, ಚೌಕ ಅಥವಾ ಬಾರ ಬಿದ್ದರೆ ಇನ್ನೊಂದು ಎಸೆತ ಉಂಟಲ್ಲ, ಅದನ್ನೂ ಸೇರಿಸಿ. ಹುಡುಗಿಯ ಮೊದಲ ಕೋಡಿನಲ್ಲಿ ಒಂದು ಸರದಿಗೆ ಸರಾಸರಿ 6 ಮನೆ ನಡೆಯಬಹುದು. ನಿಜವಾದ ಕವಡೆಯಲ್ಲಿ 3 ಮನೆಯೂ ಪೂರಾ ಇಲ್ಲ. ಹೊರಟ ಮನೆಯಿಂದ ನಡುಮನೆಗೆ ಇರುವುದು 24 ಹೆಜ್ಜೆ. ಕಾಯಿಗಳು ಎರಡರಷ್ಟು ವೇಗದಲ್ಲಿ ಓಡಿದರೆ ಹೊಂಚು ಹಾಕುವುದಕ್ಕೆ, ಕಾಯಿಗೆ ಹೊಡೆತವಿಲ್ಲದ ಕಟ್ಟೆಯಲ್ಲಿ ಕಾದು ಕೂರುವುದಕ್ಕೆ, ಎದುರಾಳಿಯ ಕಾಯಿ ಹೊಡೆಯುವುದಕ್ಕೆ ಸಮಯವೇ ಇರುವುದಿಲ್ಲ. ನಿಯಮ ಒಂದೂ ಬದಲಾಗದೆ ಆಟದ ಜೀವ ಹೋಗಿತ್ತು. ಅಮ್ಮನಿಗೆ ಗೊತ್ತಾದದ್ದು ಅದೇ.

ಸರಿಪಡಿಸಲು ಬೇಕಾದದ್ದು ಮೂರೇ ಸಾಲು. ಉತ್ತರವನ್ನು ಆರಿಸಬೇಡ, ನಾಲ್ಕು ಸಲ ಪ್ರತ್ಯೇಕವಾಗಿ ಅಂಗಾತವೋ ಬೋರಲೋ ಕೇಳು, ಅಂಗಾತವಾದವನ್ನು ಕೂಡು, ಸೊನ್ನೆ ಬಂದರೆ 8 ಎನ್ನು. ಕಂಪ್ಯೂಟರಿಗೆ ಫಲವನ್ನು ಹೇಳಿಕೊಡುವ ಬದಲು ಫಲ ಹುಟ್ಟುವ ಬಗೆಯನ್ನು ಹೇಳಿಕೊಡಬೇಕು. ಇನ್ನೂ ಮುಂದೆ ಹೋಗಬಯಸುವವರಿಗೆ ಒಂದು ಪ್ರಯೋಗವಿದೆ. ಕವಡೆಯ ಬೆನ್ನು ಉಬ್ಬು, ಬಾಯಿ ಚಪ್ಪಟೆ. ಅದು ನಾಣ್ಯದಂತೆ ಸಮವಾಗಿ ಬೀಳಬೇಕಾಗಿಲ್ಲ. ನಿಮ್ಮಲ್ಲಿರುವ ಕವಡೆಯನ್ನು ನೂರು ಸಲ ಎಸೆದು ಅಂಗಾತ ಬಿದ್ದದ್ದನ್ನು ಬರೆದಿಟ್ಟುಕೊಳ್ಳಿ, ಆ ಸಂಖ್ಯೆಯನ್ನೇ ಪ್ರೋಗ್ರಾಮಿಗೆ ಕೊಡಿ. ಒಂದು ಬದಿ ನೆಲಕ್ಕೆ ಉಜ್ಜಿದ ಹುಣಿಸೆಬೀಜದಲ್ಲಿ ಆಡುವವರು ಅದನ್ನೂ ಎಸೆದು ನೋಡಿ. ನಿಮ್ಮ ಆಟ ನಿಮ್ಮ ಮನೆಯ ಕವಡೆಯಂತೆಯೇ ಬೀಳತೊಡಗುತ್ತದೆ.

ಎರಡನೇ ಪಾಠ ದಾರಿಯದು. ತೆರೆಯ ಮೇಲಿನ ಪ್ರತಿ ಚುಕ್ಕೆಗೂ ಎರಡು ಸಂಖ್ಯೆಯ ವಿಳಾಸ ಇರುತ್ತದೆ, ಅಡ್ಡ ಎಷ್ಟು, ಉದ್ದ ಎಷ್ಟು ಎಂದು. ಮಲ್ಲೇಶ್ವರ ಬಲ್ಲವರಿಗೆ ಇದು ಹೊಸದಲ್ಲ. ಸಂಪಿಗೆ ರಸ್ತೆ, 8ನೇ ಅಡ್ಡರಸ್ತೆ ಎಂದರೆ ಸಾಕು, ಆಟೊದವರು ತಂದು ನಿಲ್ಲಿಸುತ್ತಾರೆ. ಒಂದೇ ವ್ಯತ್ಯಾಸ: ಮಲ್ಲೇಶ್ವರದಲ್ಲಿ ಉತ್ತರಕ್ಕೆ ನಡೆದಂತೆ ಅಡ್ಡರಸ್ತೆಯ ಸಂಖ್ಯೆ ಏರುತ್ತದೆ, ತೆರೆಯಲ್ಲಿ ಸಾಮಾನ್ಯವಾಗಿ ಮೇಲಿನ ಎಡ ಮೂಲೆಯೇ ಸೊನ್ನೆ, ಕೆಳಗೆ ಇಳಿದಂತೆ ಸಂಖ್ಯೆ ಏರುತ್ತದೆ. ಇದನ್ನು ಮರೆತು ಕಾಯಿಯನ್ನು ತಲೆಕೆಳಗಾಗಿ ನಡೆಸದ ಹೊಸಬರು ಕಡಿಮೆ.

ಆದರೆ ಚೌಕಾಬಾರದ ಕಾಯಿಗೆ ವಿಳಾಸ ಬೇಡ, ದಾರಿ ಬೇಕು. ಹೊರಸುತ್ತಿನ 16 ಮನೆಗಳಲ್ಲಿ ಅಪ್ರದಕ್ಷಿಣೆಯಾಗಿ ನಡೆದು, ಒಳಸುತ್ತಿನ 8 ಮನೆಗಳಲ್ಲಿ ಪ್ರದಕ್ಷಿಣೆಯಾಗಿ ತಿರುಗಿ, ನಡುಮನೆ ಸೇರಿ ಹಣ್ಣಾಗಬೇಕು. ಇಲ್ಲಿ ಬಲಕ್ಕೆ ತಿರುಗು, ಅಲ್ಲಿ ಎಡಕ್ಕೆ ತಿರುಗು ಎಂದು ಬರೆಯಲು ಹೊರಟರೆ ಪುಟಗಟ್ಟಲೆ ಕೋಡ್ ಆಗುತ್ತದೆ, ತಪ್ಪೂ ಆಗುತ್ತದೆ. ಅದರ ಬದಲು 25 ಮನೆಗಳನ್ನು ನಡೆಯುವ ಕ್ರಮದಲ್ಲೇ ಒಂದು ಪಟ್ಟಿ ಮಾಡಿಡಿ. ಆಗ ಕಾಯಿಯ ಸ್ಥಾನ 0ಯಿಂದ 24ರೊಳಗಿನ ಒಂದು ಸಂಖ್ಯೆ ಮಾತ್ರ. ಮೂರು ಬಿದ್ದರೆ ಮೂರು ಕೂಡಿಸಿ, ಪಟ್ಟಿಯಲ್ಲಿ ಆ ಮನೆ ಎಲ್ಲಿದೆ ನೋಡಿ ಕಾಯಿಯನ್ನು ಅಲ್ಲಿ ಬಿಡಿಸಿ. ಉಳಿದ ಮೂವರು ಆಟಗಾರರಿಗೆ ಬೇರೆ ಪಟ್ಟಿಯೂ ಬೇಕಿಲ್ಲ. ಹೊರಸುತ್ತಿನಲ್ಲಿ ನಾಲ್ಕು ನಾಲ್ಕು ಮನೆ, ಒಳಸುತ್ತಿನಲ್ಲಿ ಎರಡೆರಡು ಮನೆ ಜರುಗಿಸಿದರೆ ಅದೇ ಪಟ್ಟಿ ಅವರದೂ ಆಗುತ್ತದೆ. ಇದನ್ನು ಕಂಡುಕೊಂಡ ದಿನ ಹುಡುಗಿ ರಾತ್ರಿ ಊಟಕ್ಕೂ ಏಳಲಿಲ್ಲ. ಕಾರು ಓಟದಲ್ಲಿ ಸೋತಿದ್ದ ಅದೇ ತಲೆ!

ಇನ್ನು ಯಂತ್ರದ ಒಳಗಿನ ಮಾತು. ನಾವು ಸುಮ್ಮನೆ ಕೂತು ಯೋಚಿಸುವಾಗಲೂ ವಿಡಿಯೊ ಗೇಮ್ ಸುಮ್ಮನಿರುವುದಿಲ್ಲ. ಗುಂಡಿ ಒತ್ತಿದರೇ ಎಂದು ನೋಡು, ಆಟದ ಸ್ಥಿತಿಯನ್ನು ಬದಲಿಸು, ಇಡೀ ಚಿತ್ರವನ್ನು ಹೊಸದಾಗಿ ಬಿಡಿಸು. ಮತ್ತೆ ನೋಡು, ಬದಲಿಸು, ಬಿಡಿಸು. ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ. ಒಂದು ಸುತ್ತಿಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡು. ಇದಕ್ಕೆ ಗೇಮ್ ಲೂಪ್ ಎನ್ನುತ್ತಾರೆ. ಪ್ರತಿ ವಿಡಿಯೊ ಗೇಮಿನ ಎದೆಬಡಿತ ಇದೇ.

ಈ ಬಡಿತ ಆಟವನ್ನೇ ಹೇಗೆ ರೂಪಿಸಬಲ್ಲದು ಎಂಬುದಕ್ಕೆ 1978ರ ಸ್ಪೇಸ್ ಇನ್‌ವೇಡರ್ಸ್ ನನಗೆ ಇಂದಿಗೂ ಬೆರಗಿನ ಉದಾಹರಣೆ. ಜಪಾನಿನ ಟೊಮೊಹಿರೊ ನಿಶಿಕಾಡೊ ಟೈಟೊ ಕಂಪನಿಗಾಗಿ ಬರೆದ ಆಟ ಅದು. ತೆರೆಯ ಮೇಲೆ 55 ಅನ್ಯಲೋಕದ ಶತ್ರುಗಳು. ಅಂದಿನ ಪುಟ್ಟ ಪ್ರೊಸೆಸರಿಗೆ ಎಲ್ಲವನ್ನೂ ಒಟ್ಟಿಗೆ ಸರಿಸುವ ಶಕ್ತಿ ಇರಲಿಲ್ಲ. ಒಂದು ಸುತ್ತಿಗೆ ಒಂದನ್ನು ಸರಿಸುತ್ತಿತ್ತು. ಇಡೀ ಪಡೆ ಒಂದು ಹೆಜ್ಜೆ ಇಡಲು ಸುಮಾರು ಒಂದು ಸೆಕೆಂಡು. ಆಟಗಾರ ಶತ್ರುಗಳನ್ನು ಹೊಡೆಯುತ್ತ ಹೋದಂತೆ ಸರಿಸಬೇಕಾದವು ಕಡಿಮೆಯಾದವು, ಉಳಿದವು ವೇಗವಾಗಿ ನಡೆದವು. ಕೊನೆಯ ಒಂದಂತೂ ದಾಪುಗಾಲು ಹಾಕಿತು. ಇದನ್ನು ಕಂಡ ನಿಶಿಕಾಡೊ ಅದನ್ನು ದೋಷವೆಂದು ತಿದ್ದದೆ ಹಾಗೆಯೇ ಉಳಿಸಿಕೊಂಡರು. ಗೆಲುವಿಗೆ ಹತ್ತಿರವಾದಷ್ಟೂ ಆಟ ಕಷ್ಟವಾಗುವ ರೋಚಕತೆ ಹುಟ್ಟಿದ್ದು ಹೀಗೆ, ಯಂತ್ರದ ದುರ್ಬಲತೆಯಿಂದ.

ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ. ಒಂದು ಸುತ್ತಿಗೆ 5 ಚುಕ್ಕೆ ಸರಿ ಎಂದು ಬರೆದರೆ, 60ರ ತೆರೆಯಲ್ಲಿ ಕಾಯಿ ಸೆಕೆಂಡಿಗೆ 300 ಚುಕ್ಕೆ ನಡೆಯುತ್ತದೆ. 120ರ ಹೊಸ ಫೋನಿನಲ್ಲಿ 600. ತೊಂಬತ್ತರ ದಶಕದಲ್ಲಿ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಕಂಪ್ಯೂಟರ್ ಕಟ್ಟಿಸಿದವರಿಗೆ ಪೆಟ್ಟಿಗೆಯ ಮುಂದಿನ ಟರ್ಬೊ ಗುಂಡಿ ನೆನಪಿರಬಹುದು. ಹೆಸರು ಟರ್ಬೊ ಆದರೂ ಅದರ ನಿಜವಾದ ಉಪಯೋಗ ಯಂತ್ರವನ್ನು ನಿಧಾನ ಮಾಡುವುದು. ಹಳೆಯ ಯಂತ್ರದ ವೇಗವನ್ನೇ ನಂಬಿ ಬರೆದ ಆಟಗಳು ಹೊಸ ಯಂತ್ರದಲ್ಲಿ ಆಡಲಾಗದಷ್ಟು ಜೋರಾಗಿ ಓಡುತ್ತಿದ್ದವು. ಇಂದು ಅದಕ್ಕೆ ಗುಂಡಿ ಬೇಕಿಲ್ಲ. ಹಿಂದಿನ ಸುತ್ತಿನಿಂದ ಈ ಸುತ್ತಿಗೆ ಕಳೆದ ಕಾಲವನ್ನು ಕೇಳಿ ತಿಳಿದು ಅದರಿಂದ ವೇಗವನ್ನು ಗುಣಿಸಬೇಕು, ಅಷ್ಟೆ. ಹೈಸ್ಕೂಲಿನ ದೂರ, ವೇಗ, ಕಾಲದ ಸೂತ್ರ.

ಕನ್ನಡದಲ್ಲಿ ಆಟ ಬರೆಯುವವರಿಗೆ ಎದುರಾಗುವ ಒಂದು ತೊಡಕನ್ನು ಹೇಳಲೇಬೇಕು. ಕಾಯಿ ನಡುಮನೆ ಸೇರಿದಾಗ "ಹಣ್ಣು" ಎಂಬ ಪದ ಒಂದೊಂದೇ ಅಕ್ಷರವಾಗಿ ಮೂಡಬೇಕೆಂದು ಹುಡುಗಿ ಬಯಸಿದಳು. ಮೊದಲು ಹ, ಆಮೇಲೆ "ಹಣ", ಆಮೇಲೆ "ಹಣ್", ಆಮೇಲೆ "ಹಣ್ಣ", ಕೊನೆಗೆ "ಹಣ್ಣು" ಬಂತು. ನಮ್ಮ ಕಣ್ಣಿಗೆ ಅದು ಎರಡು ಅಕ್ಷರ. ಯುನಿಕೋಡಿನಲ್ಲಿ ಹ, ಣ, ವಿರಾಮ, ಮತ್ತೊಂದು ಣ, ಉಕಾರದ ಗುರುತು ಸೇರಿ ಐದು ಸಂಕೇತ. ಇವನ್ನು ಹೊಂದಿಸಿ ಒತ್ತಕ್ಷರ ಮಾಡುವುದು ಒಂದು ಪ್ರತ್ಯೇಕ ಕೆಲಸ. ಅದನ್ನು ಮಾಡದ ಗೇಮ್ ತಂತ್ರಾಂಶದಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಉದುರಿ ಬಿದ್ದಂತೆ ಕಾಣುತ್ತವೆ. ಅರ್ಜೆಂಟೀನಾದ ಹುವಾನ್ ಲಿನಿಯೆಟ್‌ಸ್ಕಿ, ಏರಿಯಲ್ ಮನ್ಸುರ್ ಕಟ್ಟಿ 2014ರಲ್ಲಿ ಮುಕ್ತವಾಗಿ ಬಿಟ್ಟ ಗೋಡೋ ಎಂಬ ಗೇಮ್ ಎಂಜಿನ್‌ನಲ್ಲೂ ಮೊದಲು ಈ ತೊಂದರೆ ಇತ್ತು. 2023ರಲ್ಲಿ ಬಂದ ನಾಲ್ಕನೇ ಆವೃತ್ತಿ ಅದನ್ನು ನಿವಾರಿಸಿತು. ಗೋಡೋ ಪೂರ್ತಿ ಉಚಿತ, ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಹತ್ತು ಹನ್ನೆರಡು ವರ್ಷದ ಮಕ್ಕಳಿಗಾದರೆ ಸ್ಕ್ರ್ಯಾಚ್ ಒಳ್ಳೆಯದು. ಪೈಥಾನ್ ಬಲ್ಲವರು ಪೈಗೇಮ್ ಹಿಡಿಯಬಹುದು. ಯಾವುದು ಮೇಲು ಎಂಬ ಚರ್ಚೆಯಲ್ಲಿ ತಿಂಗಳು ಕಳೆಯುವುದು ನಷ್ಟ. ಒಂದನ್ನು ಹಿಡಿದು ಒಂದು ಪುಟ್ಟ ಆಟವನ್ನು ಕೊನೆಮುಟ್ಟಿಸಬೇಕು.

ಬೆಂಗಳೂರಿಗೆ ಗೇಮ್ ಉದ್ಯಮ ಹೊಸದಲ್ಲ. ರಾಜೇಶ್ ರಾವ್ 1997ರಲ್ಲಿ ಇಲ್ಲಿ ಆರಂಭಿಸಿದ ಧ್ರುವ ಇಂಟರ್‌ಯಾಕ್ಟಿವ್ ದೇಶದ ಮೊದಲ ಗೇಮ್ ಕಂಪನಿಗಳಲ್ಲಿ ಒಂದು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡಿತು. ಆದರೆ ಹವ್ಯಾಸಕ್ಕಾಗಿ ಆಟ ಕಟ್ಟುವುದರಲ್ಲಿ ನಮಗೆ ಅದಕ್ಕಿಂತ ಹಳೆಯ ಹಿರಿಯರಿದ್ದಾರೆ. 1868ರಲ್ಲಿ ತೀರಿಕೊಂಡ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಮಣೆಯಾಟಗಳಲ್ಲಿ ಮುಳುಗಿದ್ದ ದೊರೆ. ಹೊಸ ಆಟಗಳನ್ನು ರಚಿಸಿದರು, ಚದುರಂಗದ ಕುದುರೆ ಎಲ್ಲ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ದಾರಿಗಳನ್ನು ಬಿಡಿಸಿದರು. ಆ ಕುದುರೆ ನಡೆ ಇಂದು ಪ್ರೋಗ್ರಾಮಿಂಗ್ ವಿದ್ಯಾರ್ಥಿಗಳ ಮಾಮೂಲಿ ಅಭ್ಯಾಸ. ಅವರ ಶ್ರೀತತ್ತ್ವನಿಧಿಯ ಕೌತುಕನಿಧಿ ಎಂಬ ಭಾಗ ಆಟಗಳಿಗೇ ಮೀಸಲು. ಬರೆದಿಟ್ಟದ್ದರಿಂದ ಅವು ಉಳಿದವು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಇಂಥ ಮಣೆಗಳನ್ನು ಮತ್ತೆ ಮಾಡಿಸಿ ಕ್ರೀಡಾ ಕೌಶಲ್ಯ ಪ್ರದರ್ಶನಗಳಲ್ಲಿ ಜನರ ಮುಂದಿಡುತ್ತ ಬಂದಿದೆ.

ಮನೆಮನೆಯ ಚೌಕಾಬಾರವನ್ನು ಬರೆದಿಟ್ಟವರು ಕಡಿಮೆ. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಎಂಬುದು ನಮ್ಮೆಲ್ಲರಿಗೂ ಗೊತ್ತು. ಹಾಗಾದರೆ ಹೊಡೆಯದ ಕಾಯಿ ಹೊರಸುತ್ತಿನ ಕೊನೆ ಮುಟ್ಟಿದಾಗ ಏನು ಮಾಡಬೇಕು? ಆಡುವಾಗ ಯಾರೋ ಒಬ್ಬರು ಹೇಳುತ್ತಿದ್ದರು, ನಡೆದುಹೋಗುತ್ತಿತ್ತು. ಕಂಪ್ಯೂಟರ್ ಅಲ್ಲಿ ನಿಂತುಬಿಡುತ್ತದೆ. ಹುಡುಗಿ ಅಜ್ಜಿಯನ್ನು ಕೇಳಿದಳು. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, "ಚಾಮರಾಜಪೇಟೆಯ ನಮ್ಮ ತವರಲ್ಲಿ ಇನ್ನೊಂದು ಸುತ್ತು ಹೊಡೀತಿದ್ವಿ. ಇಲ್ಲಿ ನಿಮ್ಮ ತಾತನ ಮನೇಲಿ ಅಲ್ಲೇ ಕಾಯ್ಬೇಕಿತ್ತು" ಎಂದರು. ಈಗ ಆಟದ ಆರಂಭದಲ್ಲಿ ಎರಡು ಗುಂಡಿಗಳಿವೆ. ಒಂದರ ಮೇಲೆ ಚಾಮರಾಜಪೇಟೆ, ಇನ್ನೊಂದರ ಮೇಲೆ ಬಸವನಗುಡಿ. ಜೋಡಿ ಕಾಯಿ ಗಟ್ಟಿಯಾಗುವುದು ಯಾವಾಗ, ಮೂರು ಸಲ ಬಾರ ಬಿದ್ದರೆ ಏನು, ನಡುಮನೆಗೆ ಸರಿಯಾದ ಎಣಿಕೆಯೇ ಬೀಳಬೇಕೇ ಎಂಬ ಪ್ರಶ್ನೆಗಳೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಅಜ್ಜಿಯ ಉತ್ತರದ ಜೊತೆ ತುಂಬುತ್ತಿವೆ.

ಗೇಮ್ ಪ್ರೋಗ್ರಾಮಿಂಗ್ ಕಲಿಯಬೇಕೆಂದಿರುವ ಮಕ್ಕಳಲ್ಲಿ, ದೊಡ್ಡವರಲ್ಲಿ ನನ್ನ ಕೋರಿಕೆ ಇಷ್ಟೆ. ಗ್ರಂಧಿಗೆ ಅಂಗಡಿಯಿಂದ ನಾಲ್ಕು ಕವಡೆ ತನ್ನಿ. ಮನೆಯ ಹಿರಿಯರನ್ನು ಕೂರಿಸಿಕೊಂಡು ಒಂದು ಆಟ ಆಡಿ, ಅವರು ಹೇಳಿದ ಪ್ರತಿ ನಿಯಮವನ್ನೂ ಬರೆದುಕೊಳ್ಳಿ, ಯಾವ ಊರಿನ, ಯಾವ ಮನೆಯ ನಿಯಮವೆಂದು ಪಕ್ಕದಲ್ಲಿ ಗುರುತು ಹಾಕಿ. ಲ್ಯಾಪ್‌ಟಾಪ್ ತೆರೆಯುವುದು ಆಮೇಲೆ.