ಸ್ಟೌ ಸಿಡಿದ ಸಾವು ಯಾವ ಲೆಕ್ಕಕ್ಕೆ?

'ಸ್ಟೌ ಸಿಡಿದು ಗೃಹಿಣಿ ಸಾವು.' 1990ರ ದಶಕದ ಬೆಂಗಳೂರಿನಲ್ಲಿ ಮತ್ತೆ ಮತ್ತೆ ಓದಿದ ಸುದ್ದಿ. ಸ್ಟೌ ಸೊಸೆಯ ಕೈಯಲ್ಲೇ ಏಕೆ ಸಿಡಿಯುತ್ತದೆ, ಅತ್ತೆ ಅಡುಗೆ ಮಾಡುವುದೇ ಇಲ್ಲವೇ? ಅಪಘಾತವೆಂದು ಮುಚ್ಚಿದ ಇಂಥ ಪೊಲೀಸ್ ಕಡತಗಳನ್ನು 'ವಿಮೋಚನಾ' ಸಂಘಟನೆಯ ಮಹಿಳೆಯರು ತಿರುವಿಹಾಕಿದಾಗ ಅನುಮಾನ ಬಲವಾಯಿತು.

ಹೆಣ್ಣೆಂಬ ಕಾರಣಕ್ಕೇ ನಡೆಯುವ ಕೊಲೆಗಳನ್ನು ಎಣಿಸುವುದು ಹೇಗೆ? 2022ರಲ್ಲಿ ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ ಇದಕ್ಕೊಂದು ಚೌಕಟ್ಟನ್ನು ಒಪ್ಪಿತು. ಕೊಂದವನು ಗಂಡನೇ, ಮನೆಯವನೇ, ಹೊರಗಿನವನಾದರೆ ಮೊದಲು ಹಿಂಸಿಸಿದ್ದನೇ ಎಂದು ನೋಡಬೇಕು. 2023ರಲ್ಲಿ ಸಂಗಾತಿ ಅಥವಾ ಮನೆಯವರಿಂದ ಹತರಾದವರು ಜಗತ್ತಿನಲ್ಲಿ ಅಂದಾಜು 51,100. ಅಪಘಾತವೆಂದು ಬರೆಸಿದ ಕೊಲೆ ಇದರಲ್ಲೂ ಸೇರುವುದಿಲ್ಲ.

ನಮ್ಮ ಕಾನೂನಿನ ಅಳತೆಗೋಲೇ ಬೇರೆ. 1986ರಲ್ಲಿ ಬಂದ ಐಪಿಸಿ 304-ಬಿ (2024ರಿಂದ ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಂ) ಪ್ರಕಾರ, ಮದುವೆಯಾದ ಏಳು ವರ್ಷದೊಳಗಿನ ಅಸಹಜ ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಯ ಕಿರುಕುಳವಿದ್ದರೆ ಅದು 'ವರದಕ್ಷಿಣೆ ಸಾವು'. ಎಂಟನೇ ವರ್ಷ ಸುಟ್ಟುಹೋದವಳು ಬೇರೆ ಪಟ್ಟಿಗೆ!

ಇನ್ನು ಕಿರುಕುಳಕ್ಕೆ ಸಾಕ್ಷಿ? ತವರಿಗೆ ಬರೆದ ಕಾಗದ, ಅತ್ತು ಮಾಡಿದ ಫೋನು. 'ಹೊಂದಿಕೊಂಡು ಹೋಗಮ್ಮಾ' ಎಂದು ಮಗಳನ್ನು ವಾಪಸು ಕಳಿಸಿದ ಅಪ್ಪ-ಅಮ್ಮನೇ ಕೋರ್ಟಿನ ಕಟಕಟೆಯಲ್ಲಿ ನಿಂತು ಅದನ್ನು ಹೇಳಬೇಕಾಗುತ್ತದೆ.