ತಲೆಬರಹಕ್ಕೆ ತಲೆ ಕೊಡುವ ಮುನ್ನ

ಒಂದು ಕಣ್ಣು ಒಲೆ ಮೇಲೆ, ಇನ್ನೊಂದು ಕಣ್ಣು ಮೊಬೈಲ್ ಮೇಲೆ. ನಮ್ಮೆಲ್ಲರ ಬೆಳಗು ಹೀಗೇ ಅಲ್ವಾ? ಈ ಚಟದಿಂದ ನಾನು ಮಾಡಿಕೊಂಡ ಎಡವಟ್ಟು ಕೇಳಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಮರುದಿನ ಭಾನುವಾರ. ಮಲಪನಗುಡಿಯ ನಮ್ಮನೆಯಲ್ಲಿ ಹಾಲು ಕಾಯಲಿಟ್ಟು ಮೊಬೈಲ್ ತೆಗೆದರೆ, ‘ಒಡೆದೇ ಹೋಯ್ತಾ ಟಿ.ಬಿ. ಡ್ಯಾಂ? ಮುಂದೇನು ಗತಿ?’ ಎಂಬ ತಲೆಬರಹ! ಜೊತೆಗೆ ಎಲ್ಲಿಯದೋ ಪ್ರವಾಹದ ಚಿತ್ರ. ಒಳಗೆ ಓದುವಷ್ಟು ತಾಳ್ಮೆ ಯಾರಿಗಿತ್ತು? ಕಂಪ್ಲಿಯಲ್ಲಿರುವ ಅವ್ವನಿಗೆ ಫೋನು ಹಚ್ಚಿದೆ.

“ಅವ್ವಾ, ಡ್ಯಾಮು ಒಡದೈತಂತೆ, ತಂಗೀನ ಕರ್ಕೊಂಡು ಮೊದ್ಲು ಹೊರಡು!”

ತಂಗಿ ಹನ್ನೆರಡು ದಿನದ ಬಾಣಂತಿ. ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಕಟ್ಟಿ, ಕೂಸನ್ನು ಸೀರೆಯಲ್ಲಿ ಸುತ್ತಿಕೊಂಡು ಆಟೋದಲ್ಲಿ ಕುರುಗೋಡಿನ ಸೋದರಮಾವನ ಮನೆಗೆ ಹೋದರು. ಅಸಲಿಗೆ ಅವ್ವನ ಮನೆ ಹೊಳೆಗೆ ದೂರ, ಎತ್ತರದಲ್ಲಿದೆ.

ಹಾಲು ಉಕ್ಕಿ ಒಲೆ ಆರಿದ ಮೇಲೆ ಕೂತು ಪೂರ್ತಿ ಓದಿದೆ. ನಾಲ್ಕಾರು ಜಾಹೀರಾತು ದಾಟಿದ ಮೇಲೆ ವಿಷಯ ಸಿಕ್ಕಿತು. 33 ಗೇಟುಗಳಲ್ಲಿ ಹೋದದ್ದು ಒಂದೇ, ಅಣೆಕಟ್ಟೆ ಒಡೆದಿಲ್ಲ. ಒತ್ತಡ ಇಳಿಸಲು ಉಳಿದ ಗೇಟುಗಳಿಂದಲೂ ನೀರು ಬಿಡುತ್ತಿದ್ದಾರೆ, ನದಿ ದಂಡೆಯವರು ಹುಷಾರಾಗಿರಬೇಕು. ದಂಡೆಯ ಜನಕ್ಕೆ ನಿಜಕ್ಕೂ ಬೇಕಿದ್ದ ಈ ಮಾತೇ ಎಲ್ಲಕ್ಕಿಂತ ಕೆಳಗೆ! ನನಗೆ ಸಿಟ್ಟು ಬಂದದ್ದು ಅದಕ್ಕೇ.

ನಾವು ಎಷ್ಟು ಸಲ ಒತ್ತುತ್ತೇವೋ ಅವರಿಗೆ ಅಷ್ಟು ಜಾಹೀರಾತಿನ ಕಾಸು. ಆ ಪ್ರಶ್ನಾರ್ಥಕ ಚಿಹ್ನೆಯೂ ಜಾಣತನದ್ದೇ. ‘ಒಡೆದಿದೆ ಅಂತ ನಾವೆಲ್ಲಿ ಹೇಳಿದ್ವಿ, ಬರೀ ಕೇಳಿದ್ವಿ’ ಅಂತ ಜಾರಿಕೊಳ್ಳಬಹುದಲ್ಲ. ತಲೆಬರಹ ಸುದ್ದಿಗೆ ತಕ್ಕಂತಿರಬೇಕೆಂದು ಭಾರತೀಯ ಪತ್ರಿಕಾ ಮಂಡಳಿಯ ನಿಯಮವೇ ಇದೆ. ಮೊಬೈಲಿನಲ್ಲಿ ಅದನ್ನು ಕೇಳುವವರ್ಯಾರು?

ಆದ್ದರಿಂದ ಗೆಳತಿಯರೇ, ತಲೆಬರಹದಲ್ಲಿ ಪ್ರಶ್ನೆ ಕಂಡರೆ ಉತ್ತರ ‘ಇಲ್ಲ’ ಎಂದೇ ಅಂದುಕೊಂಡು ಒಳಗೆ ಇಳಿಯಿರಿ. ಯಾವ ಜಾಗ, ಯಾವ ದಿನ, ಹೇಳಿದ ಅಧಿಕಾರಿ ಯಾರು ಅಂತ ಹುಡುಕಿ. ಈ ಮೂರೂ ಸಿಗದಿದ್ದರೆ ಯಾರಿಗೂ ಕಳಿಸಬೇಡಿ. ಡ್ಯಾಂ ನೀರಿನ ದಿನದ ಲೆಕ್ಕ ತುಂಗಭದ್ರಾ ಮಂಡಳಿಯೇ ಕೊಡುತ್ತದೆ. ಮನೆ ಹೊಳೆ ಪಕ್ಕದಲ್ಲಿದ್ದರೆ ಮಾತ್ರ ಓದುತ್ತಾ ಕೂರಬೇಡಿ, ಪಂಚಾಯಿತಿಗೋ ಪೊಲೀಸರಿಗೋ ಫೋನು ಮಾಡಿ.

ಹರಿಯುವ ನೀರಿನಲ್ಲೇ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಆಗಸ್ಟ್ 17ರ ಹೊತ್ತಿಗೆ ತಾತ್ಕಾಲಿಕ ಗೇಟು ಕೂರಿಸಿತು. ಕೂಸಿನ ನೆಗಡಿ ವಾಸಿಯಾಗಲು ಇನ್ನೂ ನಾಲ್ಕು ದಿನ ಹಿಡಿಯಿತು. ಈಗ ನಾನು ಫೋನು ಮಾಡಿದರೆ ಅವ್ವ ಮೊದಲು ಕೇಳೋದು, “ಪೂರ್ತಿ ಓದೀಯೇನವ್ವ?”