ಶಿಖರದ ದಾರಿ ಮೊದಲು ಲೆಕ್ಕದಲ್ಲಿ

1953ರ ಮೇ 26, ಮಧ್ಯಾಹ್ನ ಸುಮಾರು ಒಂದು ಗಂಟೆ. ಟಾಮ್ ಬೋರ್ಡಿಲನ್ ಮತ್ತು ಚಾರ್ಲ್ಸ್ ಇವಾನ್ಸ್ ಎಂಬ ಇಬ್ಬರು ಪರ್ವತಾರೋಹಿಗಳು ಎವರೆಸ್ಟಿನ ದಕ್ಷಿಣ ಶಿಖರದ ಮೇಲೆ ನಿಂತಿದ್ದರು. ನಿಜವಾದ ತುದಿ ಇನ್ನು ನೂರು ಮೀಟರಿನಷ್ಟು ಮೇಲೆ, ಕಣ್ಣೆದುರಿಗೇ ಇತ್ತು. ಆದರೂ ಅವರು ಹಿಂದಿರುಗಿದರು. ಧೈರ್ಯ ಸಾಲದೆ ಅಲ್ಲ. ಉಳಿದಿದ್ದ ಆಮ್ಲಜನಕ ತುದಿಗೆ ಹೋಗಿ ಮತ್ತೆ ಕೆಳಗಿಳಿಯಲು ಸಾಲುತ್ತಿರಲಿಲ್ಲ!

ಪರ್ವತಾರೋಹಣವೆಂದರೆ ಸಾಹಸ ಎಂದೇ ನಾವೆಲ್ಲ ತಿಳಿದಿದ್ದೇವೆ. ಆದರೆ ಆ ಸಾಹಸದ ಬಹುಪಾಲು ಮನೆಯಲ್ಲಿ ಕುಳಿತು ಮಾಡುವ ಲೆಕ್ಕದಲ್ಲಿದೆ.

ದಾರಿ ಯಾವುದು?

ಎವರೆಸ್ಟ್ ಏರುವ ಮೊದಲ ಪ್ರಯತ್ನಗಳು ಉತ್ತರದ ಟಿಬೆಟ್ ಕಡೆಯಿಂದ ನಡೆದವು. ಆಗ ನೇಪಾಳ ಹೊರಗಿನವರಿಗೆ ಮುಚ್ಚಿತ್ತು. 1950ರ ವೇಳೆಗೆ ಟಿಬೆಟಿನ ದಾರಿ ಮುಚ್ಚಿ, ನೇಪಾಳದ ಬಾಗಿಲು ತೆರೆಯಿತು. 1951ರಲ್ಲಿ ಎರಿಕ್ ಶಿಪ್ಟನ್ ತಂಡ ದಾರಿ ಹುಡುಕಲೆಂದೇ ಹೊರಟಿತು. ಶಿಪ್ಟನ್ ಮತ್ತು ಹಿಲರಿ ಎದುರಿನ ಪುಮೋರಿ ಪರ್ವತದ ಇಳಿಜಾರನ್ನು ಏರಿ ನೋಡಿದಾಗ, ಖುಂಬು ಹಿಮಪಾತದ ಆಚೆ ಅಡಗಿದ್ದ ಕಣಿವೆ ಮತ್ತು ಅಲ್ಲಿಂದ ದಕ್ಷಿಣದ ಕಣಿವೆದಾರಿಗೆ ಹತ್ತುವ ಮಾರ್ಗ ಕಂಡವು. ಆದರೆ ಹಿಮಪಾತದ ಮೇಲ್ತುದಿಯಲ್ಲಿದ್ದ ದೊಡ್ಡ ಬಿರುಕೊಂದು ಅವರನ್ನು ತಡೆಯಿತು. 1953ರ ತಂಡ ಬಿಡಿಬಿಡಿಯಾಗಿ ಜೋಡಿಸಬಹುದಾದ ಅಲ್ಯೂಮಿನಿಯಂ ಏಣಿಯನ್ನು ಹೊತ್ತೊಯ್ದುದು ಸುಮ್ಮನಲ್ಲ.

1952ರಲ್ಲಿ ಸ್ವಿಸ್ ತಂಡದ ಲ್ಯಾಂಬರ್ಟ್ ಮತ್ತು ತೇನ್ಸಿಂಗ್ ಸುಮಾರು 8,600 ಮೀಟರ್ ತಲುಪಿದ್ದರು. ವಸಂತದಲ್ಲಿ ಆ ತಂಡ ಏರಿದ ಕಡಿದಾದ ಬಂಡೆಯ ಏಣಿನ ಮೇಲೆ ಡೇರೆ ಹಾಕಲು ಸರಿಯಾದ ಜಾಗವಿರಲಿಲ್ಲ. ಅದನ್ನು ಅರಿತ ಬ್ರಿಟಿಷ್ ತಂಡದ ನಾಯಕ ಜಾನ್ ಹಂಟ್, ಲೋತ್ಸೆಯ ಹಿಮದ ಇಳಿಜಾರನ್ನು ಆರಿಸಿದರು. ದಾರಿ ಸುತ್ತು, ಆದರೆ ನಡುವೆ ತಂಗಬಹುದು.

ಗಾಳಿ ಮತ್ತು ನೀರು

ಎತ್ತರದಲ್ಲಿ ಗಾಳಿಯೊಳಗಿನ ಆಮ್ಲಜನಕದ ಪ್ರಮಾಣ ಶೇಕಡಾ 21ರಿಂದ ಇಳಿಯುತ್ತದೆ ಎಂದು ಎಷ್ಟೋ ವಿದ್ಯಾರ್ಥಿಗಳು ಬರೆಯುತ್ತಾರೆ. ಅದು ತಪ್ಪು. ಪ್ರಮಾಣ ಅಷ್ಟೇ ಇರುತ್ತದೆ, ಕಡಿಮೆಯಾಗುವುದು ಗಾಳಿಯ ಒತ್ತಡ. ಎವರೆಸ್ಟಿನ ತುದಿಯಲ್ಲಿ ಅದು ಸಮುದ್ರಮಟ್ಟದ ಮೂರನೆಯ ಒಂದು ಭಾಗದಷ್ಟು ಮಾತ್ರ. ಆದ್ದರಿಂದ ದೇಹ ಹೊಂದಿಕೊಳ್ಳಲು ವಾರಗಟ್ಟಲೆ ಸಮಯ ಕೊಡಬೇಕು. ಹಂಟ್ ತಂಡ ತೆಂಗ್ಬೋಚೆಯ ಬಳಿ ತಂಗಿ ಸುತ್ತಲಿನ ಬೆಟ್ಟಗಳನ್ನು ಹತ್ತಿಳಿದುದು ಇದಕ್ಕಾಗಿಯೇ.

ಒಣಗಾಳಿಯಲ್ಲಿ ಏದುಸಿರು ಬಿಡುವಾಗ ದೇಹದ ನೀರು ಉಸಿರಿನೊಂದಿಗೇ ಹೋಗಿಬಿಡುತ್ತದೆ. ದಿನಕ್ಕೆ ಮೂರು ನಾಲ್ಕು ಲೀಟರ್ ಕುಡಿಯಲೇಬೇಕು ಎಂದು ತಂಡದ ಶರೀರವಿಜ್ಞಾನಿ ಗ್ರಿಫಿತ್ ಪ್ಯೂ ಒತ್ತಾಯಿಸಿದರು. ಅಲ್ಲಿ ನೀರೆಂದರೆ ಹಿಮ. ಕರಗಿಸಲು ಒಲೆ ಬೇಕು, ಒಲೆಗೆ ಇಂಧನ ಬೇಕು, ಇಂಧನ ಹೊರಲು ಬೆನ್ನು ಬೇಕು!

ಹೊರೆಯ ಗೋಪುರ

1953ರ ಮಾರ್ಚಿಯಲ್ಲಿ ಕಠ್ಮಂಡು ಕಣಿವೆಯಿಂದ ಮುನ್ನೂರಕ್ಕೂ ಹೆಚ್ಚು ಕೂಲಿಯಾಳುಗಳು ಸಾಮಾನು ಹೊತ್ತು ನಡೆದರು. ಮೇಲೆ ಹೋದಂತೆ ಜನ ಕಡಿಮೆ, ಹೊರೆಯೂ ಕಡಿಮೆ. ಕೊನೆಯ ಡೇರೆಯಲ್ಲಿ ಇಬ್ಬರು ಮಲಗಬೇಕಾದರೆ ಕೆಳಗಿನ ಪ್ರತಿ ಬೀಡಿನಲ್ಲೂ ಎಷ್ಟೋ ಜನ ದುಡಿದಿರಬೇಕು. ಚಳಿಗಾಲದ ಬಿರುಗಾಳಿ ತಗ್ಗಿ ಮುಂಗಾರಿನ ಹಿಮ ಬೀಳುವ ಮೊದಲು, ಮೇ ತಿಂಗಳಲ್ಲಿ ಸಿಗುವ ಕೆಲವೇ ಶಾಂತ ದಿನಗಳಿಗೆ ಇದೆಲ್ಲ ಸಿದ್ಧವಾಗಿರಬೇಕು.

ಹಿಂದಿರುಗಿದವರ ಕಾಣಿಕೆ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಬೋರ್ಡಿಲನ್ ಮತ್ತು ಇವಾನ್ಸ್ ಪಾಲಿಸಿದರು. ಅವರು ಏಣಿನ ಮೇಲೆ ಎರಡು ಆಮ್ಲಜನಕದ ಸಿಲಿಂಡರುಗಳನ್ನು ಬಿಟ್ಟುಬಂದಿದ್ದರು. ಅವುಗಳಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಮೇ 28ರಂದು ಲೋ, ಗ್ರೆಗರಿ ಮತ್ತು ಅಂಗ್ ನ್ಯಿಮಾ ಸಾಮಾನು ಹೊತ್ತು ಸುಮಾರು 8,500 ಮೀಟರ್ ಎತ್ತರದಲ್ಲಿ ಕೊನೆಯ ಬೀಡಿಗೆ ನೆರವಾಗಿ ಇಳಿದರು. ಮರುದಿನ ಹಿಲರಿ ಮತ್ತು ತೇನ್ಸಿಂಗ್ ಏರುವಾಗ ಆ ಸಿಲಿಂಡರುಗಳು ಕಂಡವು. ಇಳಿಯುವ ದಾರಿಗೆ ಅವು ಆಸರೆಯಾಗುತ್ತವೆಂಬ ಭರವಸೆಯಿಂದ ಮುಂದುವರಿದು, ಬೆಳಿಗ್ಗೆ ಹನ್ನೊಂದೂವರೆಗೆ ಇಬ್ಬರೂ ಜಗತ್ತಿನ ನೆತ್ತಿಯ ಮೇಲೆ ನಿಂತರು.

ಇತಿಹಾಸದ ಪುಸ್ತಕದಲ್ಲಿ ಉಳಿದದ್ದು ಎರಡು ಹೆಸರು. ಆದರೆ ಮೂರು ದಿನ ಮೊದಲು ಬರಿಗೈಯಲ್ಲಿ ಇಳಿದುಬಂದ ಇಬ್ಬರನ್ನು ಸೋತವರೆನ್ನಲಾದೀತೇ? ಮಕ್ಕಳೂ ಹೆತ್ತವರೂ ಒಟ್ಟಿಗೆ ಕುಳಿತು ಯೋಚಿಸಬೇಕಾದ ಪ್ರಶ್ನೆಯಿದು.